ಅತ್ತೆ ಎಣಿಸಿದ ಸುತ್ತುಗಳು

ಹೋದ ವಾರ ಅಂಗಡಿಯ ಹಳೆಯ ಟೇಬಲ್ಲಿಗೆ ಬಣ್ಣ ಹಚ್ಚಿಸಲೆಂದು ಅದನ್ನು ಹೊರಗೆ ಎಳೆಸಿದೆ. ಡ್ರಾ ಅಂಟಿಕೊಂಡು ಕುಳಿತಿತ್ತು. ಬಡಿದು ಬಡಿದು ತೆಗೆದಾಗ ಒಳಗೆ ತಂತಿಯ ತುಂಡುಗಳು, ಬಾಯಿ ಸವೆದ ಒಂದು ಇಕ್ಕಳ, ಮೂಲೆಯಲ್ಲಿ ಒಂದು ಹಿಡಿ ಹುಣಸೆ ಬೀಜ. ವಾರ್ನಿಶ್ ಸೋಂಕಿ ಬೀಜಗಳು ಕರ್ರಗೆ ಮಿಂಚುತ್ತಿದ್ದವು. ಮೂಗಿನ ಹತ್ತಿರ ಹಿಡಿದರೆ ವಾರ್ನಿಶ್ಶಿನ ಘಾಟಿನ ಅಡಿಯಲ್ಲಿ ಇನ್ನೂ ತುಸು ಹುಳಿ ವಾಸನೆ ಇತ್ತು... ಅಥವಾ ನನಗೆ ಹಾಗೆ ಅನಿಸಿತೋ ಏನೋ. ಬಾಗಿಲಲ್ಲಿ ಗಿರಾಕಿಯೊಬ್ಬರು ನಿಂತು, ಮೋಟಾರು ಆಯಿತೇನ್ರಿ ಎಂದು ಕೇಳುತ್ತಿದ್ದರು. ನಾನು ಬೀಜಗಳನ್ನು ಮುಷ್ಟಿಯಲ್ಲಿ ಹಿಡಿದು ನೆಲದ ಮೇಲೆ ಕುಳಿತುಬಿಟ್ಟೆ.

ಆ ಬೀಜಗಳು ನನ್ನ ಅತ್ತೆಯವು.

ಬಬಲೇಶ್ವರದಲ್ಲಿ ನಮ್ಮ ಮನೆಯ ಪಡಸಾಲೆಯೇ ನಮ್ಮ ಅಂಗಡಿ. ಸುಟ್ಟ ಮೋಟಾರಿನ ಹಳೆಯ ತಾಮ್ರದ ತಂತಿ ಕಿತ್ತು, ಹೊಸ ತಂತಿಯ ಕಾಯಿಲ್ ಸುತ್ತಿ ಕೂರಿಸಿ, ಮತ್ತೆ ಓಡುವಂತೆ ಮಾಡುವುದು ನನ್ನ ಕೆಲಸ. ವೈಂಡಿಂಗ್ ಎನ್ನುತ್ತಾರೆ. ಬಾವಿಯ ಮೋಟಾರು, ಹಿಟ್ಟಿನ ಗಿರಣಿಯ ಮೋಟಾರು, ಫ್ಯಾನು, ಮಿಕ್ಸರು ಎಲ್ಲ ಬರುತ್ತವೆ. ಹೆಣ್ಣುಮಗಳು ಈ ಕೆಲಸ ಮಾಡುವುದನ್ನು ನೋಡಲೆಂದೇ ಮೊದಮೊದಲು ಜನ ಬಂದು ನಿಲ್ಲುತ್ತಿದ್ದರು. ಈಗ ಯಾರೂ ನಿಲ್ಲುವುದಿಲ್ಲ. ಮೋಟಾರು ಇಳಿಸುತ್ತಾರೆ, ಯಾವಾಗ ಬರಲಿ ಎಂದು ಕೇಳಿ ಹೋಗುತ್ತಾರೆ. ಹೀಗೆ ಜನ ನೋಡುವುದನ್ನು ಬಿಟ್ಟದ್ದೇ ನಮಗೆ ಸಿಕ್ಕ ದೊಡ್ಡ ಮರ್ಯಾದೆ ಎಂದು ನನಗೆ ಎಷ್ಟೋ ಸಲ ಅನಿಸಿದೆ.

ನನ್ನ ತವರು ವಿಜಯಪುರದ ಇಬ್ರಾಹಿಂಪುರ. ರೈಲು ಹಳಿಯ ಸಮೀಪದ ಓಣಿ. ಅಪ್ಪ ಸೈಕಲ್ ರಿಪೇರಿ ಮಾಡುತ್ತಿದ್ದರು. ಇಕ್ಕಳ, ನಟ್ಟು ಬಿಚ್ಚುವ ಪಾನಾ ನನಗೆ ಚಿಕ್ಕಂದಿನಿಂದ ರೂಢಿ. ಹಟ ಮಾಡಿ ಐಟಿಐಗೆ ಸೇರಿ ಎಲೆಕ್ಟ್ರಿಷಿಯನ್ ಪಾಸು ಮಾಡಿದೆ. ಪಾಸಾದ ಮರುವರ್ಷವೇ ಮದುವೆಯಾಯಿತು. ಸರ್ಟಿಫಿಕೇಟು ಸೀರೆಗಳ ಕೆಳಗೆ ಟ್ರಂಕಿನಲ್ಲಿ ಹತ್ತು ವರ್ಷ ಮಲಗಿತು. ನನ್ನ ಗಂಡ ತಿಕೋಟಾ ಕಡೆಯ ದ್ರಾಕ್ಷಿ ತೋಟಗಳಲ್ಲಿ ಬಳ್ಳಿ ಕತ್ತರಿಸುವ ಚಾಟಣಿ, ಔಷಧ ಸಿಂಪಡಣೆ ಕೆಲಸಕ್ಕೆ ಹೋಗುತ್ತಿದ್ದರು. ಬೆಳಗಾಗುವ ಮೊದಲೇ ಹೋಗಿ ಮೂರು ಗಂಟೆಗೆಲ್ಲ ಮನೆಗೆ ಬರುವವರು. ಮಗಳು ಶಾಲೆಗೆ ಹೋಗಲು ಶುರು ಮಾಡಿದ್ದಳು. ಮನೆಯಲ್ಲಿ ಹಗಲೆಲ್ಲ ಇರುತ್ತಿದ್ದವರು ನಾನು ಮತ್ತು ಮಗಳು ಆಯಿ ಎನ್ನುತ್ತಿದ್ದ ಅತ್ತೆ, ಇಬ್ಬರೇ.

ಒಂದು ದಿನ ಬ್ಯಾಂಕಿಗೆ ಹೋದಾಗ ಗೋಡೆಯ ಮೇಲೆ ಚೀಟಿ ಹಚ್ಚಿದ್ದನ್ನು ಓದಿದೆ. ಕೆಲಸ ಬಿಟ್ಟು ಮನೆಯಲ್ಲಿ ಉಳಿದವರು ಮತ್ತೆ ಕೆಲಸಕ್ಕೆ ಮರಳಲು, ಸ್ವಂತ ಉದ್ಯೋಗ ಹಿಡಿಯಲು ವಿಜಯಪುರದಲ್ಲಿ ಮೂವತ್ತು ದಿನದ ತರಬೇತಿ. ಮೋಟಾರು ವೈಂಡಿಂಗ್ ಎಂಬ ಸಾಲಿನ ಮೇಲೆ ನನ್ನ ಕಣ್ಣು ನಿಂತುಬಿಟ್ಟಿತು.

ಮನೆಗೆ ಬಂದು ಹೇಳಿದೆ. ಅತ್ತೆ ರೊಟ್ಟಿ ಬಡಿಯುತ್ತಿದ್ದರು. ಬಡಿಯುವುದನ್ನು ನಿಲ್ಲಿಸಲಿಲ್ಲ.

"ತಿಂಗಳಾನಗಟ್ಲೆ ಮನಿ ಯಾರ ಕೈಯಾಗ ಬಿಟ್ಟ ಹೋಗ್ತಿ?" ಎಂದರು.

ಅಷ್ಟಕ್ಕೆ ಮಾತು ಮುಗಿಯಿತು ಎಂದುಕೊಂಡೆ. ಅವರು ಕೆಟ್ಟವರಲ್ಲ, ಆದರೆ ಮೆತ್ತನೆಯವರೂ ಅಲ್ಲ. ಗಂಡ ತೀರಿಕೊಂಡ ಮೇಲೆ ಒಬ್ಬರೇ ಮಕ್ಕಳನ್ನು ದೊಡ್ಡವರನ್ನು ಮಾಡಿದವರು. ಬೇಡ ಎಂದರೆ ಬೇಡ. ಅವರು ಬೇಡ ಎನ್ನುವ ಮೊದಲೇ ಎರಡು ದಿನ ಬಿಟ್ಟು ನನ್ನ ಗಂಡನ ಕಾಕಾ ಮನೆಗೆ ಬಂದರು. ನಮ್ಮ ಮನೆತನಕ್ಕೆ ಅವರೇ ಹಿರಿಯರು. ಸುದ್ದಿ ಹೇಗೋ ಅವರ ಕಿವಿಗೆ ಬಿದ್ದಿತ್ತು.

"ವೈನಿ, ಸೊಸಿನ್ನ ಒಬ್ಬಾಕಿನ್ನ ದಿನಾ ಬಿಜಾಪುರಕ್ಕ ಕಳಸೂದು ಚಂದ ಕಾಣೂದಿಲ್ಲ" ಎಂದರು.

ಅತ್ತೆ ಚಹಾದ ಬಸಿ ಅವರ ಮುಂದೆ ಇಟ್ಟರು. ಸೆರಗು ಸರಿ ಮಾಡಿಕೊಂಡರು. "ಒಬ್ಬಾಕಿ ಯಾಕ ಹೋಗ್ತಾಳ? ನಾನೂ ಹೊಂಟೇನಿ" ಎಂದರು.

ಕಾಕಾ ನನ್ನ ಮುಖ ನೋಡಿದರು, ನಾನು ಅತ್ತೆಯ ಮುಖ ನೋಡಿದೆ. ನಾವಿಬ್ಬರೂ ಆಗಲೇ ಮೊದಲ ಸಲ ಈ ಮಾತು ಕೇಳುತ್ತಿದ್ದೆವು. ಕಾಕಾ ಹೋದ ಮೇಲೆ ಅತ್ತೆ ನನ್ನನ್ನು ಕರೆದು ಹೇಳಿದರು. "ಕೇಳಿಲ್ಲೆ. ಅಲ್ಲಿ ನನಗ ಸರಿ ಕಾಣಲಿಲ್ಲಂದ್ರ ಅವತ್ತ ತಿರಗಿ ಬರೂದು. ಆಮ್ಯಾಲ ಅಳೂದು ಕರಿಯೂದು ಮಾಡಬಾರದು." ಅವರು ನನಗೆ ಜೊತೆಯಾಗಿ ಬರುತ್ತಿದ್ದಾರೋ ಕಾವಲಾಗಿ ಬರುತ್ತಿದ್ದಾರೋ ನನಗೆ ತಿಳಿಯಲಿಲ್ಲ. ಬಹುಶಃ ಆಗ ಅವರಿಗೂ ತಿಳಿದಿರಲಿಲ್ಲ.

ನಸುಕಿನಲ್ಲೇ ಎದ್ದು ಇಬ್ಬರೂ ಅಡಿಗೆ ಮುಗಿಸಿ, ರೊಟ್ಟಿ ಬುತ್ತಿ ಕಟ್ಟಿಕೊಂಡು, ಮಗಳನ್ನು ಪಕ್ಕದ ಮನೆಯವರ ಜೊತೆ ಶಾಲೆಗೆ ಹೋಗುವಂತೆ ಮಾಡಿ ಬಸ್ಸು ಹತ್ತುತ್ತಿದ್ದೆವು. ತರಬೇತಿ ಕೇಂದ್ರದಲ್ಲಿ ಒಂದು ಪಾಠದ ಕೋಣೆ, ಹಿಂದೆ ತಗಡಿನ ಶೆಡ್ಡು. ನಮ್ಮ ತಂಡದಲ್ಲಿ ಇಪ್ಪತ್ತಕ್ಕಿಂತ ಹೆಚ್ಚು ಗಂಡಸರು, ಮೂವರು ಹೆಂಗಸರು. ಮೂರನೆಯ ದಿನಕ್ಕೆ ಒಬ್ಬಾಕೆ ಹೊಲಿಗೆಯ ತಂಡಕ್ಕೆ ಹೋದಳು, ಇನ್ನೊಬ್ಬಾಕೆ ಬರುವುದನ್ನೇ ಬಿಟ್ಟಳು. ನಾನೊಬ್ಬಳೇ ಉಳಿದೆ. ಅವತ್ತು ಬಸ್ಸಿನಲ್ಲಿ ಊರಿಗೆ ಮರಳುವಾಗ ಅತ್ತೆ ಏನು ಹೇಳುತ್ತಾರೋ ಎಂದು ಜೀವ ಹಿಡಿದುಕೊಂಡು ಕುಳಿತಿದ್ದೆ. ಅವರು ಕಿಟಕಿಯ ಕಡೆ ಮುಖ ಮಾಡಿ ಕುಳಿತರು. ಇಳಿಯುವಾಗ, "ನಾಳಿ ಬುತ್ತಿಗೆ ಶೇಂಗಾ ಚಟ್ನಿ ಸಾಕಲ್ಲಾ?" ಎಂದರು. ನಾಳೆಯೂ ಹೋಗುವುದಿದೆ ಎಂದು ನನಗೆ ಗೊತ್ತಾದದ್ದು ಹಾಗೆ.

ಪಾಠ ಹೇಳುವ ಸರ್ ಯಾವುದೋ ಗಿರಣಿಯಲ್ಲಿ ವರ್ಷಗಟ್ಟಲೆ ಮೋಟಾರುಗಳನ್ನು ನೋಡಿಕೊಂಡವರು. ಮೊದಲ ದಿನವೇ ಅತ್ತೆಗೆ ಗಿಡದ ನೆರಳಲ್ಲಿ ಕುರ್ಚಿ ಹಾಕಿಸಿದ್ದರು. "ಅವ್ವಾರ, ಅಲ್ಲಿ ತಂಪೈತಿ, ಕುಂದರ್ರಿ" ಎಂದರು. ಅತ್ತೆ ಒಪ್ಪಲಿಲ್ಲ. "ಇಲ್ಲೇ ಬೇಷ್ ಐತ್ರಿ ಮಾಸ್ತರ. ಈಕಿ ನನ್ನ ಕಣ್ಣಿಗೆ ಕಾಣಬೇಕು" ಎಂದು ಕೋಣೆಯ ಹಿಂಬದಿಯಲ್ಲಿ, ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕುಳಿತರು. ಸುಮ್ಮನೆ ಕೂರುವ ಜಾತಿಯವರಲ್ಲ. ಚೀಲದಲ್ಲಿ ಹುಣಸೆಹಣ್ಣು ತಂದಿದ್ದರು. ನಮಗೆ ಪಾಠ ನಡೆದರೆ ಅವರು ಅಲ್ಲಿ ಕುಳಿತು ಬೀಜ ಬಿಡಿಸುತ್ತಿದ್ದರು.

ಮೊದಲ ವಾರ ತಂತಿ ಮುಟ್ಟಲೇ ಇಲ್ಲ. ಧೈರ್ಯ ಬರಲಿ ಎಂದು ಏನೇನೋ ಆಟ ಆಡಿಸಿದರು. ಅದರಲ್ಲೊಂದು ಕಟ್ಟಿಗೆಯ ತುಂಡು ಏರಿಸುವ ಆಟ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಎಡಗೈಯಿಂದ ಒಂದರ ಮೇಲೊಂದು ತುಂಡು ಇಡಬೇಕು. ಎಷ್ಟು ಇಡುತ್ತೇನೆ ಎಂದು ಮೊದಲೇ ಹೇಳಬೇಕು. ಪಕ್ಕದಲ್ಲಿ ಒಬ್ಬರು ಮನೆಯವರ ಪಾತ್ರ ಹಾಕಿ ನಿಂತು, ಮನೆಯವರು ಹೇಳುವ ಹಾಗೆ ಹೇಳಿ ದಾರಿ ತೋರಿಸಬೇಕು. ನನ್ನ ಸರದಿ ಬಂದಾಗ ಸರ್ ಕೋಣೆಯ ಹಿಂದಕ್ಕೆ ನೋಡಿದರು.

"ಈಕಿಗೆ ಮನ್ಯಾರು ಖರೇನ ಇಲ್ಲೇ ಅದಾರಲ್ಲ. ಬರ್ರಿ ಅವ್ವಾರ" ಎಂದರು.

ಅತ್ತೆ ಕೈ ಒರೆಸಿಕೊಂಡು ಬಂದರು. ಎಷ್ಟು ಇಡುತ್ತೀ ಎಂದು ಸರ್ ಕೇಳಿದಾಗ ನಾನು ಐದು ಎಂದೆ. "ಹನ್ನೆರಡ ಬರಕೋರಿ" ಎಂದರು ಅತ್ತೆ. ಎಲ್ಲರೂ ನಕ್ಕರು. ನನಗೆ ಕಣ್ಣು ಕಟ್ಟಿದ್ದರು, ನಗು ಮಾತ್ರ ಕೇಳಿಸಿತು. ಆಮೇಲೆ ಕಿವಿಯ ಹತ್ತಿರ ಅತ್ತೆಯ ದನಿ. "ತುಸು ಮುಂದ. ಸಾಕು. ಕೈ ನಡಗಸಬ್ಯಾಡ. ಈಗ ಬಿಡು." ಮನೆಯಲ್ಲಿ ಹತ್ತು ವರ್ಷ ಕೇಳಿದ ದನಿಯೇ, ಆದರೆ ಅದು ನನಗೆ ದಾರಿ ತೋರಿಸಿದ್ದನ್ನು ಆವತ್ತೇ ಕೇಳಿದ್ದು. ಒಂಬತ್ತನೆಯ ತುಂಡಿಗೆ ಎಲ್ಲ ಬಿದ್ದವು. ಸರ್ ಅತ್ತೆಯ ಕಡೆ ತಿರುಗಿ, ಈಗ ಮನೆಯವರು ಏನು ಹೇಳುತ್ತೀರಿ ಎಂದು ಕೇಳಿದರು. ಬೈಗುಳ ಬರುತ್ತದೆಂದು ಎಲ್ಲರೂ ಕಾದರು.

"ಮತ್ತ ಇಡವಾ. ಬಸ್ಸಿಗೆ ಇನ್ನಾ ಹೊತ್ತೈತಿ" ಎಂದರು ಅತ್ತೆ.

ಎರಡನೆಯ ಸಲ ಹನ್ನೆರಡು ನಿಂತವು.

ಎರಡನೆಯ ವಾರ ತಂತಿ ಕೈಗೆ ಬಂತು. ಕಾಯಿಲ್ ಸುತ್ತುವ ಕೈಯಂತ್ರಕ್ಕೆ ಎಣಿಸುವ ಮುಳ್ಳು ಇರುತ್ತದೆ. ನನ್ನ ಪಾಲಿಗೆ ಬಂದದ್ದರಲ್ಲಿ ಆ ಮುಳ್ಳು ಕೆಟ್ಟಿತ್ತು. ಬಾಯಲ್ಲೇ ಎಣಿಸಬೇಕು. ಒಂದು ಕಾಯಿಲಿಗೆ ಎಂಬತ್ತು ಸುತ್ತು. ಒಂದೊಂದರಲ್ಲಿ ಒಂದೊಂದು ಲೆಕ್ಕ ಬಂದರೆ, ಸುತ್ತು ಕಡಿಮೆಯಾದರೆ, ಮೋಟಾರು ಬಿಸಿಯಾಗಿ ಮತ್ತೆ ಸುಡುತ್ತದೆ. ಹಿಂದಿನ ದಿನ ನಾನು ಸುತ್ತಿದ್ದ ಫ್ಯಾನು ಗುಂಯ್ ಎಂದು ಕಾದುಹೋಗಿತ್ತು, ಸರ್ ತಂತಿಯನ್ನೆಲ್ಲ ಕತ್ತರಿಸಿ ಹಾಕಿದ್ದರು. ಅವತ್ತು ಮತ್ತೆ ಸುತ್ತುತ್ತಿದ್ದೆ. ನಡುವೆ ಯಾರೋ ಇಕ್ಕಳ ಕೇಳಿದರು. ಕೊಟ್ಟೆ. ತಿರುಗಿ ನೋಡಿದರೆ ಎಷ್ಟಾಗಿತ್ತು ಎಂಬುದು ನೆನಪಿಲ್ಲ. ಎಂಬತ್ತು ಆಗಿರಬೇಕು ಎಂದುಕೊಂಡು ತಂತಿ ಕತ್ತರಿಸಲು ಹೋದೆ.

"ಕತ್ತರಸಬ್ಯಾಡ" ಎಂದರು ಹಿಂದಿನಿಂದ ಅತ್ತೆ. "ಮೂರ ಇಪ್ಪತ್ತು, ಮ್ಯಾಲ ಹನ್ನೊಂದ ಆಗ್ಯಾವ. ಇನ್ನಾ ಒಂಬತ್ತ ಬೇಕು."

ಸರ್ ಅತ್ತೆಯ ಹತ್ತಿರ ಹೋಗಿ ನಿಂತರು. "ನೀವು ಎಣಸಾಕತ್ತಿದ್ರೇನ್ರಿ ಅವ್ವಾರ?"

"ಕೈಗೆ ಕೆಲಸ ಇತ್ರಿ, ಕಣ್ಣ ಖಾಲಿ ಇದ್ದುವು."

ಅವರ ಮುಂದೆ ನೆಲದ ಮೇಲೆ ಮೂರು ಹುಣಸೆ ಬೀಜ ಬೇರೆಯಾಗಿ ಇದ್ದವು. ಇಪ್ಪತ್ತು ಸುತ್ತಿಗೆ ಒಂದು ಬೀಜ. ಸರ್ ನನ್ನ ಕಾಯಿಲನ್ನು ತೆಗೆದುಕೊಂಡು ಎಲ್ಲರೆದುರು ಒಂದೊಂದೇ ಸುತ್ತು ಬಿಚ್ಚಿ ಎಣಿಸಿದರು. ಎಪ್ಪತ್ತೊಂದು. ಮರುದಿನ ಟೇಬಲ್ಲಿನ ತುದಿಗೆ ಇನ್ನೊಂದು ಸ್ಟೂಲು ಬಂತು. ವಯಸ್ಸು ಮೀರಿದ್ದರಿಂದ ಅತ್ತೆಯ ಹೆಸರು ಹಾಜರಿಯಲ್ಲಿ ಬರೆಯಲು ಆಗುವುದಿಲ್ಲ ಎಂದು ಸರ್ ಬಹಳ ಸಂಕೋಚದಿಂದ ಹೇಳಿದರು. ಅತ್ತೆ, "ಹೆಸರ ಯಾಕ ಬೇಕ್ರಿ, ಸ್ಟೂಲ ಸಾಕು" ಎಂದು ಕುಳಿತರು.

ಅವತ್ತು ಸಂಜೆ ಬಸ್ಸಿನಲ್ಲಿ ನಾನು ಕೇಳಿದೆ. "ಅತ್ತಿ, ಅಷ್ಟ ಬಿರಬಿರನ ತಿರಗೂದನ್ನ ಹೆಂಗ ಎಣಸಿದ್ರಿ?"

ಅವರ ತವರು ಮಮದಾಪುರ, ಕುರಿಗಾರರ ಮನೆತನ ಎಂದು ನನಗೆ ಗೊತ್ತಿತ್ತು. ಅದಕ್ಕಿಂತ ಹೆಚ್ಚು ಗೊತ್ತಿರಲಿಲ್ಲ. ಸಂಜೆ ಕೆರೆಯಲ್ಲಿ ನೀರು ಕುಡಿಸಿ ಹಟ್ಟಿಗೆ ತರುವಾಗ ಕುರಿಗಳು ಒಂದರ ಮೇಲೊಂದು ಹಾರಿ ನುಗ್ಗುತ್ತವಂತೆ. ಹಟ್ಟಿಯ ಬಾಯಲ್ಲಿ ನಿಂತು ಎಣಿಸುವ ಕೆಲಸ ಏಳೆಂಟು ವರ್ಷದ ಹುಡುಗಿಯಾಗಿದ್ದಾಗಿನಿಂದ ಅವರದು. ಇಪ್ಪತ್ತಕ್ಕೊಂದು ಕಲ್ಲು. ಒಂದು ಮರಿ ತಪ್ಪಿದರೂ ಮತ್ತೆ ಕೆರೆಯ ತನಕ ಹೋಗಬೇಕು. ಮದುವೆಯಲ್ಲಿ ಅವರಪ್ಪ ಮಗಳ ಪಾಲಿನ ಕುರಿಗಳನ್ನು ಜೊತೆಗೆ ಕಳಿಸಿದ್ದರು. ಕುರಿ ಕಾಯುವ ಸೊಸೆ ಬೇಡ ಎಂದು ಇಲ್ಲಿಯವರು ವರ್ಷದೊಳಗೆ ಅವನ್ನು ಮಾರಿಬಿಟ್ಟರು.

"ಅವನ್ನ ಮಾರಿದ ಮ್ಯಾಲ..." ಎಂದು ಅತ್ತೆ ಕಿಟಕಿಯ ಕಡೆ ನೋಡಿದರು. "ನನಗ ಯಾರೂ ಏನೂ ಎಣಸಾಕ ಹಚ್ಚಲಿಲ್ಲ."

ಹತ್ತು ವರ್ಷ ಒಂದೇ ಒಲೆಯ ಮುಂದೆ ಕುಳಿತಿದ್ದೆವು. ಈ ಮಾತನ್ನು ನಾನು ಕೇಳಿರಲೂ ಇಲ್ಲ, ಅವರು ಹೇಳಿರಲೂ ಇಲ್ಲ.

ಮೂವತ್ತನೆಯ ದಿನ ಸರ್ಟಿಫಿಕೇಟು ಕೊಟ್ಟರು. ನನ್ನ ಹೆಸರು ಕೂಗಿದಾಗ ಅತ್ತೆ ಹಿಂದಿನ ಸಾಲಿನಲ್ಲಿ ಎದ್ದು ನಿಂತರು, ಕಾಣಲಿಲ್ಲವೆಂದೋ ಏನೋ. ಅವರಿಗೆ ಕೊಡಲು ಏನೂ ಇರಲಿಲ್ಲ. ನಾನು ಬೇಜಾರು ಮಾಡಿಕೊಂಡರೆ, "ಓದಾಕ ಬರಲಾರದ ಕಾಗದ ತಗೊಂಡು ನಾ ಏನ್ ಮಾಡ್ಲಿ" ಎಂದರು. ಆದರೆ ವಿಜಯಪುರದಿಂದ ಬಬಲೇಶ್ವರದ ತನಕ ನನ್ನ ಸರ್ಟಿಫಿಕೇಟನ್ನು ಅವರೇ ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಮಡಚಿಕೊಳ್ಳಬಾರದೆಂದು ಎರಡೂ ಕೈಯಿಂದ ಅಂಚು ಹಿಡಿದು...

ಪಡಸಾಲೆಯಲ್ಲಿ ಟೇಬಲ್ಲು ಹಾಕಿ, ಕೈಯಂತ್ರ ತಂದು ಕೂರಿಸಿದೆವು. ಎರಡು ತಿಂಗಳು ನೆರೆಹೊರೆಯ ಹೆಂಗಸರ ಮಿಕ್ಸರು, ಫ್ಯಾನು ಬಿಟ್ಟರೆ ಏನೂ ಬರಲಿಲ್ಲ. ಗಂಡಸರು ಬಾವಿಯ ಮೋಟಾರನ್ನು ನಮ್ಮ ಮನೆಯ ಮುಂದಿನಿಂದಲೇ ಬೇರೆ ಕಡೆಗೆ ಒಯ್ಯುತ್ತಿದ್ದರು. ಅತ್ತೆ ಕಟ್ಟೆಯ ಮೇಲೆ ಕುಳಿತು, ಹೋದ ಮೋಟಾರುಗಳನ್ನು ಎಣಿಸುತ್ತಿದ್ದರು. "ಇವತ್ತ ನಾಕ ಹೋದುವು" ಎಂದು ನನಗೆ ಹೇಳುತ್ತಿದ್ದರು. ದೂರಿನ ದನಿಯಲ್ಲ. ಊರಲ್ಲಿ ಕೆಲಸ ಇದೆ ಎಂಬ ಸುದ್ದಿ ಅದು.

ಕೊನೆಗೆ ಕಾಖಂಡಕಿಯ ರೈತರೊಬ್ಬರು ಬಂದರು. ಉಳ್ಳಾಗಡ್ಡಿ ಸಸಿ ನೆಟ್ಟು ಆರು ದಿನವಾಗಿತ್ತು, ಮೋಟಾರು ಸುಟ್ಟಿತ್ತು. ಉಳಿದ ಅಂಗಡಿಯವರು ವಾರ ಆಗುತ್ತದೆ ಎಂದಿದ್ದರು. ಬೇರೆ ದಾರಿ ಇಲ್ಲದೆ ನಮ್ಮಲ್ಲಿ ಇಳಿಸಿದರು. ನನ್ನನ್ನು ನೋಡಿ, ಒಳಗೆ ಕಣ್ಣಾಡಿಸಿ, "ಮಾಡವರು ಯಾರ್ರಿ?" ಎಂದು ಕೇಳಿದರು. ಅತ್ತೆ ನನ್ನ ಕಡೆ ಕೈ ಮಾಡಿದರು. ಅವರು ನಿಟ್ಟುಸಿರು ಬಿಟ್ಟರು, ಆದರೆ ಮೋಟಾರು ಎತ್ತಿಕೊಂಡು ಹೋಗಲಿಲ್ಲ.

ಎರಡು ದಿನ ಹಗಲೆಲ್ಲ ಕುಳಿತೆವು. ಅತ್ತೆ ಸುತ್ತಿದರು, ಎಣಿಸಿದರು. ನಾನು ಕೂರಿಸಿದೆ, ಜೋಡಿಸಿದೆ, ವಾರ್ನಿಶ್ ಹಾಕಿ ಒಣಗಿಸಿದೆ. ಮೂರನೆಯ ದಿನ ಆ ರೈತರ ಗಾಡಿಯಲ್ಲೇ ಮೂವರೂ ಕಾಖಂಡಕಿಗೆ ಹೋದೆವು. ಬಾವಿಯ ಹತ್ತಿರ ಅಕ್ಕಪಕ್ಕದ ಹೊಲದವರು ಐದಾರು ಮಂದಿ ಸೇರಿದ್ದರು. ಮೋಟಾರು ಕೂರಿಸಿ, ಪಂಪಿಗೆ ನೀರು ತುಂಬಿ ಸ್ಟಾರ್ಟರ್ ಒತ್ತಿದೆ. ಮೋಟಾರು ಓಡಿತು. ದನಿ ಚೊಕ್ಕಾಗಿತ್ತು. ಆದರೆ ಪೈಪಿನ ಬಾಯಲ್ಲಿ ನೀರು ಬರಲಿಲ್ಲ. ಹನಿ ಹನಿ ಜಿನುಗಿತು, ಅಷ್ಟೇ.

ಗಾಳಿ ಹಿಡಿದಿರಬೇಕು ಎಂದು ಒಬ್ಬರು ಹೇಳಿದರು. ಬಂದ್ ಮಾಡಿ, ಮತ್ತೆ ನೀರು ತುಂಬಿ ಒತ್ತಿದೆ. ಅದೇ ಹನಿ. ಹಿಂದೆ ಯಾರೋ ಹೆಂಗಸರ ಕೈಗೆ ಕೊಟ್ಟರೆ ಹೀಗೇ ಎಂದು ಗೊಣಗಿದರು. ರೈತರು ತಲೆಯ ಮೇಲಿನ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡರು. ನನಗೆ ಅದರಿಂದಲೇ ಹೆಚ್ಚು ನೋವಾಯಿತು. ಕಲಿತದ್ದೆಲ್ಲ ತಲೆಯಿಂದ ಹಾರಿಹೋಗಿತ್ತು.

ಅತ್ತೆ ಪಂಪಿನ ಹತ್ತಿರ ಕುಳಿತಿದ್ದರು. ನಾನು ಅವರ ಕಡೆ ನೋಡಿದೆ. ಅವರು ಬಾಯಿ ಬಿಡಲಿಲ್ಲ. ಬಲಗೈಯನ್ನು ಬೀಸುಕಲ್ಲು ತಿರುಗಿಸುವ ಹಾಗೆ ಒಮ್ಮೆ ಸುತ್ತಿಸಿದರು. ಆಮೇಲೆ ಅದೇ ಕೈಯನ್ನು ಉಲ್ಟಾ ಸುತ್ತಿಸಿದರು. ಕಣ್ಣಿನಿಂದ ಪಂಪಿನ ಮೈ ತೋರಿಸಿದರು. ಅಲ್ಲಿ ಹಳೆಯ ಬಣ್ಣದ ಕೆಳಗೆ ಬಾಣದ ಗುರುತು ಇತ್ತು. ಮೋಟಾರು ಯಾವ ದಿಕ್ಕಿಗೆ ತಿರುಗಬೇಕು ಎಂದು ಹೇಳುವ ಬಾಣ. ಸರ್ ಅದನ್ನು ಪಾಠದಲ್ಲಿ ಒಂದೇ ಸಲ ಹೇಳಿದ್ದರು. ಅಕ್ಷರ ಬಾರದ ಅತ್ತೆ ಬಾಣ ಓದಿದ್ದರು. ಮೋಟಾರು ಉಲ್ಟಾ ತಿರುಗುತ್ತಿತ್ತು, ಅದಕ್ಕೇ ನೀರು ಏರುತ್ತಿರಲಿಲ್ಲ.

ಕರೆಂಟ್ ತೆಗೆದು, ಮೂರು ವೈರುಗಳಲ್ಲಿ ಎರಡನ್ನು ಅದಲುಬದಲು ಮಾಡಿ ಬಿಗಿದೆ. "ಈಗ ನೋಡ್ರಿ" ಎಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. ಸ್ಟಾರ್ಟರ್ ಒತ್ತಿದೆ. ಪೈಪು ಒಮ್ಮೆ ಕೆಮ್ಮಿ, ಬಾಯಿ ತುಂಬ ನೀರು ಕಾರಿತು. ನೀರು ಕಾಲುವೆಗೆ ಬಿದ್ದು ಸಸಿಗಳ ಕಡೆ ಓಡಿತು. ಗೊಣಗಿದವರು ಸರಿದು ನಿಂತು ದಾರಿ ಬಿಟ್ಟರು. ರೈತರು ನೀರಿಗೆ ಕೈಯೊಡ್ಡಿ, ಮುಖ ತೊಳೆದುಕೊಂಡು, ಟೊಪ್ಪಿಗೆ ಹಾಕಿಕೊಂಡರು. "ಇನ್ನ ಮ್ಯಾಲ ಸೀದಾ ನಿಮ್ಮಲ್ಲೇ ತರ್ತೇನ್ರಿ ತಂಗಿ" ಎಂದರು.

ಮರಳುವಾಗ ನಾನು ಕೇಳಿದೆ. "ಅಲ್ಲೇ ಎಲ್ಲಾರ ಮುಂದ ನೀವ ಹೇಳಬಹುದಿತ್ತಲ್ಲರಿ, ಅತ್ತಿ?"

"ಅವರಿಗೆ ನಿನ್ನ ಗುರ್ತ ಆಗಬೇಕಿತ್ತು" ಎಂದರು.

ಆ ಹಂಗಾಮಿನಲ್ಲೇ ಕಾಖಂಡಕಿಯಿಂದ ಮತ್ತೆ ಮೂರು ಮೋಟಾರು ಬಂದವು. ಆಮೇಲೆ ಮಮದಾಪುರದಿಂದ ಬಂದವು. ತವರಿನವರು ಮೋಟಾರು ತಂದ ದಿನ ಅತ್ತೆ ಅದನ್ನು ಬೇರೆಯವರಿಗೆ ಮುಟ್ಟಗೊಡಲಿಲ್ಲ, ಇಕ್ಕಳ ಹಿಡಿದು ಹಳೆಯ ತಂತಿ ಕಿತ್ತದ್ದೂ ಅವರೇ. ಆರು ವರ್ಷ ದಿನಾಲೂ ಆ ಕೈಯಂತ್ರದ ಮುಂದೆ ಕುಳಿತರು. ಮುಳ್ಳು ಸರಿ ಇರುವ ಹೊಸ ಯಂತ್ರ ತಂದರೂ ಅದರ ಮೇಲೆ ಅವರಿಗೆ ನಂಬಿಕೆ ಬರಲಿಲ್ಲ. ಒಮ್ಮೆ ತರಬೇತಿ ಕೇಂದ್ರದವರು ಹೊಸ ತಂಡಕ್ಕೆ ನಾಲ್ಕು ಮಾತು ಹೇಳಿ ಎಂದು ನನ್ನನ್ನು ಕರೆದರು. ಅತ್ತೆಯನ್ನೂ ಕರೆದುಕೊಂಡು ಹೋದೆ. ನಾನು ಬರೆದುಕೊಂಡು ಹೋಗಿ ಅರ್ಧ ಗಂಟೆ ಮಾತಾಡಿದೆ. ಸರ್ ಅತ್ತೆಗೂ ಹೇಳಲು ಹೇಳಿದರು. ಅವರು ಎದ್ದು ನಿಂತು, "ಎಣಿಕಿ ತಪ್ಪಿತಂದ್ರ ಬಿಚ್ಚರಿ. ಬಿಚ್ಚಾಕ ನಾಚಬ್ಯಾಡ್ರಿ" ಎಂದು ಕುಳಿತರು. ನನ್ನ ಅರ್ಧ ಗಂಟೆಯ ಮಾತಿಗೆ ಬಾರದ ಚಪ್ಪಾಳೆ ಅವರ ಎರಡು ಮಾತಿಗೆ ಬಂತು. ನನಗೆ ಹೊಟ್ಟೆಕಿಚ್ಚು ಆಗಲಿಲ್ಲ. ಇವರು ನನ್ನ ಅತ್ತೆ ಎಂದು ಪಕ್ಕದವರಿಗೆ ಹೇಳಿದೆ, ಅವರಿಗೆ ಗೊತ್ತಿದ್ದರೂ.

ಎರಡು ವರ್ಷದ ಹಿಂದೆ ಮಳೆಗಾಲದಲ್ಲಿ ಅತ್ತೆಗೆ ಜ್ವರ ಬಂತು. ಜ್ವರ ಇಳಿಯಿತು, ಆದರೆ ಮೈ ಏಳಲಿಲ್ಲ. ಎಂಟು ದಿನ ವಿಜಯಪುರದ ಆಸ್ಪತ್ರೆಯಲ್ಲಿ ಇಟ್ಟುಕೊಂಡಿದ್ದರು. ಒಂಬತ್ತನೆಯ ದಿನ ಬೆಳಿಗ್ಗೆ, ನಾನು ಚಹಾ ತರಲು ಹೋಗಿದ್ದಾಗ... ನನ್ನ ಗಂಡ ಒಬ್ಬರೇ ಹತ್ತಿರ ಇದ್ದರು.

ಸಾವು ದಾಖಲು ಮಾಡಿಸಲು ಹೋದಾಗ ಬರೆದುಕೊಳ್ಳುವವರು ಒಂದೊಂದೇ ಕೇಳುತ್ತ ಹೋದರು. ಹೆಸರು, ವಯಸ್ಸು, ಗಂಡನ ಹೆಸರು. ಉದ್ಯೋಗ ಎಂಬಲ್ಲಿಗೆ ಬಂದಾಗ ಕೇಳಲಿಲ್ಲ. ಮನೆಗೆಲಸ ಎಂದು ತಾವೇ ಬರೆದರು. ನಾನು ಟೇಬಲ್ಲಿನ ಮೇಲೆ ಕೈ ಇಟ್ಟೆ.

"ಅದನ್ನ ತಿದ್ದರಿ ಸರ. ಅವರು ಮೋಟಾರ ವೈಂಡಿಂಗ್ ಮಾಡ್ತಿದ್ರು."

ಅವರು ತಲೆಯೆತ್ತಿ ನೋಡಿದರು. "ಯಾರ್ರಿ, ತೀರಕೊಂಡವರಾ?"

"ಹೂಂ ರಿ. ಅವರೇ."

ಅವರು ಬರೆದದ್ದನ್ನು ಗೀರಿ, ಮೇಲೆ ದುಂಡಗೆ ಬರೆದು, ಸರಿ ಆಯಿತೇ ಎಂದು ಕಾಗದವನ್ನು ನನ್ನ ಕಡೆ ತಿರುಗಿಸಿ ತೋರಿಸಿದರು. ನಾನು ಎರಡು ಸಲ ಓದಿದೆ. ತರಬೇತಿಯ ಹಾಜರಿಯಲ್ಲಿ ಹೆಸರಿಲ್ಲದವರ ಕೆಲಸ ಸರ್ಕಾರದ ಕಾಗದದ ಮೇಲೆ ಬಂದಿತ್ತು. ಬಸ್ಸಿಗಾಗಿ ಕಾಯುವಾಗ ನನಗೆ ಅಳು ಬಂತು. ಅದರಲ್ಲಿ ದುಃಖ ಎಷ್ಟು, ಹೆಮ್ಮೆ ಎಷ್ಟು ಎಂದು ನನಗೆ ಇವತ್ತಿಗೂ ಹೇಳಲು ಬಾರದು.

ನಿನ್ನೆ ಮಧ್ಯಾಹ್ನ ತರಬೇತಿ ಕೇಂದ್ರದಿಂದ ಫೋನು ಬಂದಿತ್ತು. ಸೋಮವಾರದಿಂದ ಹೊಸ ತಂಡ ಶುರುವಾಗುತ್ತದೆ, ನಾನೇ ಬಂದು ವೈಂಡಿಂಗ್ ಕಲಿಸಬೇಕಂತೆ. ಈ ಸಲ ಹನ್ನೊಂದು ಮಂದಿ ಹೆಣ್ಣುಮಕ್ಕಳು ಹೆಸರು ಹಚ್ಚಿದ್ದಾರಂತೆ. ಫೋನು ಇಟ್ಟವಳೇ ಒಳಮನೆಯ ಕಡೆ ತಿರುಗಿ, "ಅತ್ತಿ, ಕೇಳಿದ್ರೇನು" ಎಂದೆ. ಬಾಯಿಂದ ಬಂದೇಬಿಟ್ಟಿತು.

ಒಳಗಿನಿಂದ ಮಗಳು ಬಂದಳು. ಕೈಯಲ್ಲಿ ಪುಸ್ತಕ ಇತ್ತು. "ಯಾರನ್ನ ಕರದಿ ಬೇ?" ಎಂದಳು.

"ನಿಮ್ಮ ಆಯಿನ್ನ" ಎಂದೆ.

ಅವಳು ಪುಸ್ತಕ ಮುಚ್ಚಿಟ್ಟು, ನನ್ನ ಪಕ್ಕ ಬಂದು ಕುಳಿತು, "ಏನ್ ಹೇಳೂದಿತ್ತು, ನನಗ ಹೇಳು" ಎಂದಳು.